ಗಣಕದ ದಿನಚರಿಗೆ ಕಾವಲು: ಯುನಿಕ್ಸ್ ಲಾಗ್ ಕಡತಗಳನ್ನು ಗಮನಿಸುವ ಮುಕ್ತ ತಂತ್ರಾಂಶಗಳು

ಯುನಿಕ್ಸ್ ಹಾಗೂ ಅದರ ಮಾದರಿಯಲ್ಲೇ ರೂಪುಗೊಂಡ ಲಿನಕ್ಸ್ ಗಣಕಗಳು ತಮ್ಮೊಳಗೆ ನಡೆಯುವ ಮುಖ್ಯ ಸಂಗತಿಗಳನ್ನು ದಿನಾಂಕ, ಸಮಯ ಸಮೇತ ಕಡತಗಳಲ್ಲಿ ಬರೆದಿಡುತ್ತವೆ. ಇವುಗಳಿಗೆ ಲಾಗ್ ಕಡತಗಳು ಎಂದು ಹೆಸರು. ಯಾರು ಒಳಗೆ ಬಂದರು, ಯಾರು ತಪ್ಪು ಪಾಸ್‌ವರ್ಡ್ ಕೊಟ್ಟರು, ಯಾವ ಮಿಂಚಂಚೆ ಎಲ್ಲಿಗೆ ಹೋಯಿತು, ಯಾವ ಡಿಸ್ಕ್ ಕೆಡುವ ಸೂಚನೆ ಕೊಡುತ್ತಿದೆ ಎಂಬ ವಿವರಗಳೆಲ್ಲ ಅಲ್ಲಿ ಸಿಗುತ್ತವೆ. ಹಾಲಿನ ಡೇರಿಯಲ್ಲಿ ಬೆಳಗ್ಗೆ ಸಂಜೆ ಲೀಟರ್ ಲೆಕ್ಕ ಬರೆಯುವ ಪುಸ್ತಕಕ್ಕೂ, ಕಿರಾಣಿ ಅಂಗಡಿಯ ದಿನದ ಕೀರ್ದಿಗೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ.

ಆದರೆ ಕೀರ್ದಿ ಬರೆದರೆ ಸಾಲದು, ಅದನ್ನು ತಿರುವಿ ನೋಡುವವರೂ ಇರಬೇಕು. ಅಂತರ್ಜಾಲಕ್ಕೆ ಸೇರಿದ ಒಂದು ಸರ್ವರ್ ದಿನವೊಂದಕ್ಕೆ ಸಾವಿರಾರು ಸಾಲುಗಳನ್ನು ಬರೆಯುತ್ತದೆ. ಅಷ್ಟನ್ನೂ ಒಬ್ಬ ಮನುಷ್ಯ ಕೂತು ಓದುವುದು ಆಗದ ಮಾತು. ಆದ್ದರಿಂದ ಓದುವ ಕೆಲಸವನ್ನೂ ಗಣಕಕ್ಕೇ ಒಪ್ಪಿಸುವ ತಂತ್ರಾಂಶಗಳು ಬಂದವು. ಇವುಗಳಲ್ಲಿ ಹೆಚ್ಚಿನವು ಹಣ ಕೊಡದೆ ಸಿಗುವ, ಒಳಗಿನ ರಚನೆಯನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳು ಎಂಬುದು ವಿಶೇಷ.

ಹೆಸರು ಬಂದ ಬಗೆ

ಇಂಗ್ಲಿಷಿನಲ್ಲಿ ಲಾಗ್ ಎಂದರೆ ಮರದ ತುಂಡು. ಹಾಯಿ ಹಡಗುಗಳ ಕಾಲದಲ್ಲಿ ನಾವಿಕರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಗೊತ್ತಾದ ಅವಧಿಯಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವು ಎಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು. ಆ ಲೆಕ್ಕ ಬರೆಯುವ ಪುಸ್ತಕಕ್ಕೆ ಲಾಗ್ ಪುಸ್ತಕ ಎಂದು ಹೆಸರಾಯಿತು. ಅಲ್ಲಿಂದ ಆ ಪದ ಸರಕಾರಿ ಜೀಪಿನ ಲಾಗ್ ಪುಸ್ತಕಕ್ಕೂ ಬಂತು, ಗಣಕಕ್ಕೂ ಬಂತು.

75 ಸೆಂಟಿನ ವ್ಯತ್ಯಾಸ

ಲೆಕ್ಕ ನೋಡುವ ಅಭ್ಯಾಸ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಪ್ರಸಂಗ ಪ್ರಸಿದ್ಧ. ಅಲ್ಲಿ ಗಣಕ ಬಳಸಿದ ಸಮಯಕ್ಕೆ ತಕ್ಕಂತೆ ಬಳಕೆದಾರರ ವಿಭಾಗಗಳಿಂದ ಹಣ ವಸೂಲು ಮಾಡಲಾಗುತ್ತಿತ್ತು. 1986ರ ಆಗಸ್ಟ್‌ನಲ್ಲಿ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಅಂದರೆ ಒಂದು ಡಾಲರಿಗೂ ಕಡಿಮೆ. ಯಾರೋ ಕೆಲವೇ ಸೆಕೆಂಡು ಗಣಕ ಬಳಸಿ ಹಣ ಕಟ್ಟಿರಲಿಲ್ಲ.

ಖಗೋಳ ವಿಜ್ಞಾನಿಯಾಗಿದ್ದು ಆಗಷ್ಟೇ ಗಣಕ ನಿರ್ವಹಣೆಯ ಕೆಲಸಕ್ಕೆ ಬಂದಿದ್ದ ಕ್ಲಿಫ್ ಸ್ಟೋಲ್ ಅವರಿಗೆ ಈ ಚಿಲ್ಲರೆಯ ಲೆಕ್ಕ ಸರಿಮಾಡುವ ಕೆಲಸ ಸಿಕ್ಕಿತು. ಬದಿಗಿಟ್ಟರೆ ಕೇಳುವವರಿರಲಿಲ್ಲ. ಅವರು ಬಿಡಲಿಲ್ಲ. ವ್ಯತ್ಯಾಸದ ಬೆನ್ನು ಹತ್ತಿದಾಗ ಹೊರಗಿನವನೊಬ್ಬ ಫೋನ್ ತಂತಿಯ ಮೂಲಕ ಒಳನುಗ್ಗಿ, ಅಲ್ಲಿಂದ ಅಮೆರಿಕದ ಸೇನೆಯ ಗಣಕಗಳ ಬಾಗಿಲು ತಟ್ಟುತ್ತಿರುವುದು ಗೊತ್ತಾಯಿತು. ಸ್ಟೋಲ್ ಒಳಬರುವ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ಆಗಂತುಕ ಒತ್ತಿದ ಪ್ರತಿ ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದರು. ಪ್ರಿಂಟರುಗಳು ಗಣಕದ ಹೊರಗಿದ್ದುದರಿಂದ ಅವನಿಗೆ ಸುಳಿವು ಸಿಗಲಿಲ್ಲ, ಬರೆದದ್ದನ್ನು ಅಳಿಸುವ ದಾರಿಯೂ ಇರಲಿಲ್ಲ.

ಕೊನೆಗೆ ಜಾಡು ಅಂದಿನ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬಾತನ ಮನೆ ಬಾಗಿಲಿಗೆ ತಲುಪಿತು. ಕದ್ದ ಮಾಹಿತಿ ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಹೆಸ್ ಮತ್ತು ಸಂಗಡಿಗರ ಮೇಲಿನ ಆರೋಪ ಸಾಬೀತಾಯಿತು. ಸ್ಟೋಲ್ 1989ರಲ್ಲಿ ಈ ಅನುಭವವನ್ನು ‘ದ ಕುಕೂಸ್ ಎಗ್’ ಎಂಬ ಪುಸ್ತಕವಾಗಿ ಬರೆದರು. 75 ಸೆಂಟನ್ನು ಚಿಲ್ಲರೆ ಎಂದು ಬಿಟ್ಟಿದ್ದರೆ ಇದೊಂದೂ ಹೊರಬರುತ್ತಿರಲಿಲ್ಲ.

ಸಿಸ್‌ಲಾಗ್: ಎಲ್ಲಕ್ಕೂ ಒಂದೇ ಕೀರ್ದಿ

ಮೊದಮೊದಲು ಪ್ರತಿ ತಂತ್ರಾಂಶವೂ ತನಗೆ ತೋಚಿದ ಕಡೆ, ತೋಚಿದ ರೀತಿಯಲ್ಲಿ ಲಾಗ್ ಬರೆಯುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಅವರು 1980ರ ದಶಕದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಜೊತೆಗೆ ಸಿಸ್‌ಲಾಗ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಅಂಚೆಯ ದಾಖಲೆ ಇಡಲು ಹುಟ್ಟಿದ ಇದನ್ನು ಬೇರೆ ತಂತ್ರಾಂಶಗಳೂ ಬಳಸತೊಡಗಿ, ಅದು ಯುನಿಕ್ಸ್ ಲೋಕದ ರೂಢಿಯೇ ಆಯಿತು.

ಸಿಸ್‌ಲಾಗ್ ಪದ್ಧತಿಯಲ್ಲಿ ಪ್ರತಿ ಸಂದೇಶಕ್ಕೂ ಎರಡು ಗುರುತು ಇರುತ್ತವೆ. ಒಂದು, ಸಂದೇಶ ಬಂದ ವಿಭಾಗ: ಅಂಚೆಯೋ, ಒಳಪ್ರವೇಶದ ತಪಾಸಣೆಯೋ, ಗಣಕದ ತಿರುಳಿನ ಭಾಗವಾದ ಕರ್ನಲ್ಲೋ ಎಂಬುದು. ಇನ್ನೊಂದು, ಸಂದೇಶದ ತೀವ್ರತೆ. ಇದಕ್ಕೆ 0ಯಿಂದ 7ರ ವರೆಗೆ 8 ಮೆಟ್ಟಿಲುಗಳಿವೆ. 0 ಎಂದರೆ ಗಣಕವೇ ನಿಲ್ಲುವಂಥ ಆಪತ್ತು. 3 ಎಂದರೆ ದೋಷ, 4 ಎಂದರೆ ಎಚ್ಚರಿಕೆ, 6 ಎಂದರೆ ಬರಿಯ ಮಾಹಿತಿ. 7 ತಂತ್ರಾಂಶ ಬರೆಯುವವರ ಸ್ವಂತ ಪರೀಕ್ಷೆಗೆ ಮೀಸಲು. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಗಂಭೀರ ಎಂದು ನೆನಪಿಟ್ಟರೆ ಸಾಕು.

ಬಹುಕಾಲ ರೂಢಿಯಲ್ಲಷ್ಟೇ ಇದ್ದ ಈ ಪದ್ಧತಿಯನ್ನು 2001ರಲ್ಲಿ ಆರ್‌ಎಫ್‌ಸಿ 3164 ಎಂಬ ದಾಖಲೆಯಲ್ಲಿ ವಿವರಿಸಲಾಯಿತು. 2009ರ ಆರ್‌ಎಫ್‌ಸಿ 5424 ಅದನ್ನು ಕ್ರಮಬದ್ಧಗೊಳಿಸಿತು. ಹೊಸ ಕ್ರಮದಲ್ಲಿ ಇಸವಿಯನ್ನೂ ಬರೆಯಬೇಕು, ಹಳೆಯದರಲ್ಲಿ ತಿಂಗಳು ದಿನಾಂಕ ಮಾತ್ರ ಇರುತ್ತಿದ್ದವು. ಸಂದೇಶದಲ್ಲಿ ಯುನಿಕೋಡ್ ಅಕ್ಷರಗಳಿಗೂ ಅವಕಾಶವಾದ್ದರಿಂದ ಕನ್ನಡ, ಮಲಯಾಳ, ತೆಲುಗು ಅಥವಾ ಮರಾಠಿ ಹೆಸರುಗಳನ್ನೂ ಲಾಗ್‌ನಲ್ಲಿ ದಾಖಲಿಸಬಹುದು.

ಮೂಲ ಸಿಸ್‌ಲಾಗ್‌ನ ಜಾಗಕ್ಕೆ ಬಂದವುಗಳಲ್ಲಿ ಎರಡು ಹೆಸರು ಮುಖ್ಯ. ಹಂಗೆರಿಯ ಬಲಾಜ್ ಶೈಡ್ಲರ್ 1998ರಲ್ಲಿ ಆರಂಭಿಸಿದ ಸಿಸ್‌ಲಾಗ್-ಎನ್‌ಜಿ ಒಂದು. ಜರ್ಮನಿಯ ರೈನರ್ ಗೆರ್ಹಾರ್ಡ್ಸ್ 2004ರಲ್ಲಿ ಆರಂಭಿಸಿದ ಆರ್‌ಸಿಸ್‌ಲಾಗ್ ಇನ್ನೊಂದು. 2011ರಲ್ಲಿ ಪ್ರಕಟವಾದ ಜರ್ನಲ್ಡಿ ಎಂಬ ವ್ಯವಸ್ಥೆ ಲಾಗನ್ನು ಸಾದಾ ಅಕ್ಷರದ ಬದಲು ತನ್ನದೇ ರೂಪದಲ್ಲಿ ಇಡುತ್ತದೆ, ಓದಲು ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಬೇಕು. 2023ರಲ್ಲಿ ಬಂದ ಡೆಬಿಯನ್ 12ನೇ ಆವೃತ್ತಿಯಿಂದ ಆರ್‌ಸಿಸ್‌ಲಾಗ್ ತಾನಾಗಿಯೇ ಸ್ಥಾಪನೆಯಾಗುವುದಿಲ್ಲ, ಬೇಕಿದ್ದವರು ಬೇರೆಯಾಗಿ ಹಾಕಿಕೊಳ್ಳಬೇಕು.

ಕಡತಗಳು ಇರುವ ಜಾಗ

ಸಾಮಾನ್ಯವಾಗಿ ಲಾಗ್ ಕಡತಗಳು ವಾರ್ ಎಂಬ ಕೋಶದೊಳಗಿನ ಲಾಗ್ ಎಂಬ ಉಪಕೋಶದಲ್ಲಿರುತ್ತವೆ. ಒಳಪ್ರವೇಶದ ವಿವರ ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆತ್ ಡಾಟ್ ಲಾಗ್ ಎಂಬ ಕಡತದಲ್ಲಿ, ರೆಡ್ ಹ್ಯಾಟ್ ಕುಲದ ಲಿನಕ್ಸ್‌ಗಳಲ್ಲಿ ಸೆಕ್ಯೂರ್ ಎಂಬ ಕಡತದಲ್ಲಿ ಸಿಗುತ್ತದೆ. ಒಂದು ಸಾಲನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ: ‘ಇಂಥ ದಿನ, ಬೆಳಗಿನ ಜಾವ 3 ಗಂಟೆ 12 ನಿಮಿಷ, ಎಸ್‌ಎಸ್‌ಎಚ್ ಸೇವೆ: ರೂಟ್ ಹೆಸರಿಗೆ ತಪ್ಪು ಪಾಸ್‌ವರ್ಡ್, ಇಂಥ ವಿಳಾಸದಿಂದ’.

ಇಂಥ ಸಾಲು ಒಂದಿದ್ದರೆ ಯಾರೋ ಕೈತಪ್ಪಿ ಒತ್ತಿದ್ದಾರೆ ಎನ್ನಬಹುದು. ಒಂದೇ ವಿಳಾಸದಿಂದ 400 ಸಾಲು ಬಂದಿದ್ದರೆ ಯಾರೋ ಬೀಗದ ಕೈಗಳ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ ಎಂದರ್ಥ. ಆ 400 ಸಾಲುಗಳ ಕೆಳಗೆ ‘ಪಾಸ್‌ವರ್ಡ್ ಒಪ್ಪಿತವಾಯಿತು’ ಎಂಬ ಒಂದೇ ಒಂದು ಸಾಲು ಇದ್ದರೆ ಬಾಗಿಲು ತೆರೆದಿದೆ ಎಂದರ್ಥ. ಕಾವಲಿನ ತಂತ್ರಾಂಶ ಹುಡುಕಬೇಕಾದ್ದು ಆ ಒಂದು ಸಾಲನ್ನು.

ಮುಖ್ಯ ತಂತ್ರಾಂಶಗಳು

ಸ್ವಾಚ್: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಹ್ಯಾನ್ಸನ್ ಮತ್ತು ಟಾಡ್ ಆಟ್ಕಿನ್ಸ್ 1993ರಲ್ಲಿ ಇದನ್ನು ಪರಿಚಯಿಸಿದರು. ‘ಸರಳ ಕಾವಲುಗಾರ’ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಮಾಡಿದ ಹೆಸರು. ಪರ್ಲ್ ಭಾಷೆಯಲ್ಲಿದೆ. ಲಾಗ್‌ಗೆ ಹೊಸ ಸಾಲು ಬೀಳುತ್ತಿದ್ದಂತೆ ಓದಿ, ನಿರ್ವಾಹಕರು ಮೊದಲೇ ಹೇಳಿಟ್ಟ ಪದಗಳು ಕಂಡರೆ ಕೂಡಲೇ ಗಂಟೆ ಬಾರಿಸುವುದು, ಮಿಂಚಂಚೆ ಕಳಿಸುವುದು ಅಥವಾ ಬೇರೊಂದು ಆಜ್ಞೆ ನಡೆಸುವುದು ಇದರ ಕೆಲಸ. ಸ್ವಿಸ್ ಗಡಿಯಾರ ಕಂಪನಿಯೊಂದರ ಕೋರಿಕೆಯ ಮೇರೆಗೆ ಮುಂದೆ ಇದರ ಹೆಸರನ್ನು ಸ್ವಾಚ್‌ಡಾಗ್ ಎಂದು ಬದಲಿಸಲಾಯಿತು.

ಲಾಗ್‌ಚೆಕ್: ಕ್ರೇಗ್ ರೋಲ್ಯಾಂಡ್ ಅವರ ರಚನೆ. ಈಗ ಡೆಬಿಯನ್ ಸಮುದಾಯದ ಆರೈಕೆಯಲ್ಲಿದೆ. ಇದರ ತರ್ಕ ಸ್ವಾಚ್‌ಗೆ ತಿರುವುಮುರುವು. ಕೆಟ್ಟ ಸಾಲು ಹೀಗೇ ಇರುತ್ತದೆ ಎಂದು ಮೊದಲೇ ಹೇಳುವುದು ಕಷ್ಟ, ಏಕೆಂದರೆ ನಾಳೆಯ ಕಳ್ಳ ಹೊಸ ದಾರಿಯಲ್ಲಿ ಬರಬಹುದು. ಆದರೆ ದಿನನಿತ್ಯದ ಸಾಲುಗಳು ಯಾವುವು ಎಂದು ಪಟ್ಟಿ ಮಾಡಬಹುದು. ಆ ಪಟ್ಟಿಯಲ್ಲಿರುವುದನ್ನೆಲ್ಲ ಜರಡಿ ಹಿಡಿದು, ಉಳಿದದ್ದನ್ನು ಗಂಟೆಗೊಮ್ಮೆ ನಿರ್ವಾಹಕರಿಗೆ ಕಳಿಸುವುದು ಲಾಗ್‌ಚೆಕ್‌ನ ರೀತಿ. ಈ ವಿಧಾನಕ್ಕೆ ಭದ್ರತಾ ತಜ್ಞ ಮಾರ್ಕಸ್ ರಾನಮ್ 1997ರಲ್ಲಿ ‘ಕೃತಕ ಅಜ್ಞಾನ’ ಎಂಬ ತಮಾಷೆಯ ಹೆಸರಿಟ್ಟರು. ಗೊತ್ತಿರುವುದನ್ನು ಕಂಡೂ ಕಾಣದಂತೆ ಬಿಟ್ಟು, ಗೊತ್ತಿಲ್ಲದ್ದನ್ನು ಮಾತ್ರ ತೋರಿಸುವುದೇ ಇದರ ಸಾರ. ಊರಿನ ನಾಯಿ ಊರವರನ್ನು ಕಂಡು ಬೊಗಳುವುದಿಲ್ಲ, ಅಪರಿಚಿತರನ್ನು ಕಂಡರೆ ಬೊಗಳುತ್ತದೆ. ಅದೇ ನ್ಯಾಯ ಇಲ್ಲಿಯೂ.

ಲಾಗ್‌ವಾಚ್: ಕರ್ಕ್ ಬಾಯರ್ ಅವರ ಪರ್ಲ್ ತಂತ್ರಾಂಶ. ಇದು ತುರ್ತು ಕಾವಲುಗಾರನಲ್ಲ, ದಿನದ ವರದಿ ಕೊಡುವ ಗುಮಾಸ್ತ. ಹಿಂದಿನ ದಿನದ ಲಾಗ್‌ಗಳನ್ನೆಲ್ಲ ಓದಿ, ಎಷ್ಟು ಮಂದಿ ಒಳಬಂದರು, ಎಷ್ಟು ಪ್ರಯತ್ನ ವಿಫಲವಾಯಿತು, ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು ಒಂದು ಮಿಂಚಂಚೆಯಲ್ಲಿ ಕೊಡುತ್ತದೆ. ಹೊಸಬರಿಗೆ ಇದೇ ಸುಲಭ.

ಸೆಕ್: ಎಸ್ಟೋನಿಯಾ ದೇಶದ ರಿಸ್ಟೊ ವಾರಾಂಡಿ 2001ರಲ್ಲಿ ಹೊರತಂದದ್ದು. ಬಿಡಿ ಸಾಲುಗಳಿಗಿಂತ ಸಾಲುಗಳ ನಡುವಿನ ಸಂಬಂಧ ನೋಡುವುದು ಇದರ ಬಲ. ‘ವಿದ್ಯುತ್ ಹೋಯಿತು’ ಎಂಬ ಸಾಲು ಬಂದು 5 ನಿಮಿಷದೊಳಗೆ ‘ವಿದ್ಯುತ್ ಬಂತು’ ಎಂಬ ಸಾಲು ಬಂದರೆ ಸುಮ್ಮನಿರು, ಬಾರದಿದ್ದರೆ ಎಬ್ಬಿಸು ಎಂಬಂಥ ನಿಯಮಗಳನ್ನು ಇದರಲ್ಲಿ ಬರೆಯಬಹುದು.

ಫೇಲ್‌ಟುಬ್ಯಾನ್: ಸಿರಿಲ್ ಜಾಕಿಯೆ 2004ರಲ್ಲಿ ಆರಂಭಿಸಿದ, ಪೈಥಾನ್ ಭಾಷೆಯ ತಂತ್ರಾಂಶ. ಇದು ಹೇಳಿ ಸುಮ್ಮನಾಗುವುದಿಲ್ಲ, ಕೈಯನ್ನೂ ಎತ್ತುತ್ತದೆ. ಮೂಲ ಹೊಂದಾಣಿಕೆಯಂತೆ 10 ನಿಮಿಷದೊಳಗೆ 5 ಬಾರಿ ತಪ್ಪಿದ ವಿಳಾಸಕ್ಕೆ 10 ನಿಮಿಷ ಬಾಗಿಲು ಮುಚ್ಚುತ್ತದೆ. ಈ ಅಂಕಿಗಳನ್ನು ಬದಲಿಸಿಕೊಳ್ಳಬಹುದು. ಸ್ವಂತ ವಿಳಾಸವನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಮರೆತ ನಿರ್ವಾಹಕರೇ ಹೊರಗುಳಿಯುವುದೂ ಉಂಟು.

ಓಸೆಕ್: ಬ್ರೆಜಿಲ್ ಮೂಲದ ಡೇನಿಯಲ್ ಸಿಡ್ ಆರಂಭಿಸಿದ ಯೋಜನೆ. ಹಲವು ಗಣಕಗಳ ಲಾಗನ್ನು ಒಂದೆಡೆ ತಂದು ಪರಿಶೀಲಿಸುವುದರ ಜೊತೆಗೆ, ಮುಖ್ಯ ಕಡತಗಳನ್ನು ಯಾರಾದರೂ ತಿದ್ದಿದ್ದಾರೆಯೇ ಎಂದೂ ನೋಡುತ್ತದೆ. 2015ರಲ್ಲಿ ಇದರಿಂದ ಕವಲೊಡೆದ ವಾಜು ಎಂಬ ಯೋಜನೆ ಬೇರೆಯಾಗಿ ಬೆಳೆದಿದೆ.

ಮುಕ್ತ ಎಂದರೇನು?

ಮುಕ್ತ ಎಂದರೆ ಬಿಟ್ಟಿ ಎಂದಷ್ಟೇ ಅಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಬೆಳೆದ ಅರ್ಥದಲ್ಲಿ ಬಳಸುವ, ಒಳಗನ್ನು ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬೇಕು. ಕಾವಲಿನ ತಂತ್ರಾಂಶಕ್ಕೆ ಇದು ಹೆಚ್ಚು ಮುಖ್ಯ. ಲಾಗ್ ಓದುವ ತಂತ್ರಾಂಶ ಗಣಕದ ಒಳಗುಟ್ಟುಗಳನ್ನೆಲ್ಲ ಓದುತ್ತದೆ. ಅದು ಓದಿದ್ದನ್ನು ಎಲ್ಲಿಗೆ ಕಳಿಸುತ್ತಿದೆ ಎಂದು ಪರೀಕ್ಷಿಸುವ ಅವಕಾಶ ಬಳಕೆದಾರರಿಗೆ ಇರಲೇಬೇಕು.

ಹಾಗೆಂದು ಮುಕ್ತವಾದದ್ದೆಲ್ಲ ಭದ್ರ ಎಂದು ತಿಳಿಯುವಂತಿಲ್ಲ. ಬರ್ಕ್ಲಿ ಪ್ರಯೋಗಾಲಯದಲ್ಲಿ ಹೆಸ್ ಬಳಸಿಕೊಂಡ ಬಿರುಕು ಇದ್ದದ್ದು ಗ್ನೂ ಯೋಜನೆಯ ಈಮ್ಯಾಕ್ಸ್ ತಂತ್ರಾಂಶದ ಅಂಚೆ ಸಾಗಿಸುವ ಭಾಗದಲ್ಲೇ. 2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ಸಾಧನವಾದ ಲಾಗ್‌ಫೋರ್‌ಜೆಯಲ್ಲಿಯೇ ದೊಡ್ಡ ದೋಷ ಪತ್ತೆಯಾಯಿತು. ದಾಳಿಕೋರ ಕಳಿಸಿದ ವಿಶೇಷ ಪದವೊಂದನ್ನು ಲಾಗ್‌ಗೆ ಬರೆಯುವಾಗ ಅದು ಅವನ ಆಜ್ಞೆಯನ್ನೇ ನಡೆಸಿಬಿಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಳಗನ್ನು ಎಲ್ಲರೂ ನೋಡಬಹುದು ಎಂಬುದು ಬೇರೆ, ಯಾರಾದರೂ ನೋಡಿದ್ದಾರೆ ಎಂಬುದು ಬೇರೆ.

ಕಳ್ಳನೇ ಕೀರ್ದಿ ತಿದ್ದಿದರೆ?

ಗಣಕದೊಳಗೆ ಪೂರ್ಣ ಅಧಿಕಾರ ಪಡೆದವನು ಮೊದಲು ಮಾಡುವ ಕೆಲಸಗಳಲ್ಲಿ ತನ್ನ ಹೆಜ್ಜೆ ಗುರುತು ಅಳಿಸುವುದೂ ಒಂದು. ಲಾಗ್ ಅದೇ ಗಣಕದಲ್ಲಿದ್ದರೆ ಅಳಿಸಲು ಹೆಚ್ಚು ಹೊತ್ತು ಬೇಡ. ಇದಕ್ಕೆ ಪರಿಹಾರ, ಸಾಲು ಹುಟ್ಟಿದ ಕ್ಷಣದಲ್ಲೇ ಅದರ ಪ್ರತಿಯನ್ನು ಬೇರೊಂದು ಗಣಕಕ್ಕೆ ಕಳಿಸುವುದು.

ಗಡಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯ ದಾಟುವ ಲಾರಿಯ ನಂಬರನ್ನು ಆಚೆಯ ಚೆಕ್‌ಪೋಸ್ಟ್‌ನಲ್ಲೂ ಈಚೆಯ ಚೆಕ್‌ಪೋಸ್ಟ್‌ನಲ್ಲೂ ಬರೆದುಕೊಂಡರೆ, ಒಂದು ಪುಸ್ತಕದ ಹಾಳೆ ಹರಿದರೂ ಇನ್ನೊಂದರಲ್ಲಿ ನಂಬರು ಉಳಿದಿರುತ್ತದೆ. ಹರಿದ ಹಾಳೆಯೇ ಸಂಶಯಕ್ಕೆ ಕಾರಣವೂ ಆಗುತ್ತದೆ. ಸ್ಟೋಲ್ ಜೋಡಿಸಿದ್ದ ಪ್ರಿಂಟರುಗಳು ಮಾಡಿದ್ದೂ ಇದನ್ನೇ.

ಹಳೆಯ ಸಿಸ್‌ಲಾಗ್ 514ನೇ ಪೋರ್ಟಿನ ಮೂಲಕ ಕಳಿಸುವ ಸಂದೇಶಗಳು ದಾರಿಯಲ್ಲಿ ಕಳೆದರೂ ಗೊತ್ತಾಗುವುದಿಲ್ಲ, ನಡುವೆ ಯಾರಾದರೂ ಓದಲೂಬಹುದು. ಆರ್‌ಸಿಸ್‌ಲಾಗ್ ಮತ್ತು ಸಿಸ್‌ಲಾಗ್-ಎನ್‌ಜಿಗಳಲ್ಲಿ ಗೂಢಲಿಪಿಯ ಮೂಲಕ, ತಲುಪುವುದನ್ನು ಖಾತ್ರಿ ಮಾಡಿಕೊಂಡು ಕಳಿಸುವ ವ್ಯವಸ್ಥೆ ಇದೆ.

ಭಾರತದ ನಿಯಮ

ಕೇಂದ್ರ ಸರಕಾರದ ಗಣಕ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸೇವಾದಾತರು, ಕಂಪನಿಗಳು, ಸರಕಾರಿ ಸಂಸ್ಥೆಗಳು ಮುಂತಾದವು ತಮ್ಮ ಗಣಕ ವ್ಯವಸ್ಥೆಗಳ ಲಾಗನ್ನು 180 ದಿನ ಭದ್ರವಾಗಿ ಇಟ್ಟಿರಬೇಕು ಎಂದು ಹೇಳಲಾಗಿದೆ. ನಿರ್ದಿಷ್ಟ ಬಗೆಯ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಗಣಕದ ಗಡಿಯಾರವನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಿರಬೇಕು ಎಂಬುದೂ ಇದರಲ್ಲಿ ಸೇರಿದೆ. ಎರಡು ಗಣಕಗಳ ಗಡಿಯಾರ 10 ನಿಮಿಷ ಆಚೀಚೆ ಇದ್ದರೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಸಾಬೀತು ಮಾಡಲಾಗದು.

ಇಲ್ಲಿ ಒಂದು ತೊಡಕಿದೆ. ಹಲವು ಲಿನಕ್ಸ್‌ಗಳಲ್ಲಿ ಹಳೆಯ ಲಾಗನ್ನು ಸುತ್ತಿಟ್ಟು ಅಳಿಸುವ ಲಾಗ್‌ರೊಟೇಟ್ ಎಂಬ ತಂತ್ರಾಂಶದ ಮೂಲ ಹೊಂದಾಣಿಕೆ, ವಾರಕ್ಕೊಂದರಂತೆ 4 ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವುದು. ಅಂದರೆ ಸುಮಾರು ಒಂದು ತಿಂಗಳ ದಾಖಲೆ ಮಾತ್ರ. 180 ದಿನಕ್ಕೆ ಕನಿಷ್ಠ 26 ವಾರಗಳ ಪ್ರತಿ ಬೇಕು. ಹೊಂದಾಣಿಕೆಯ ಅಂಕಿ ಬದಲಿಸದಿದ್ದರೆ ಬೇಕಾದ ದಿನ ದಾಖಲೆ ಇರುವುದಿಲ್ಲ.

ಮಿತಿಗಳು

ಮೊದಲನೆಯದು ಸುಳ್ಳು ಎಚ್ಚರಿಕೆ. ದಿನಕ್ಕೆ 50 ಮಿಂಚಂಚೆ ಕಳಿಸುವ ಕಾವಲುಗಾರನನ್ನು ಎರಡನೇ ವಾರಕ್ಕೆ ಯಾರೂ ಓದುವುದಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯಂತೆ, ನಿಜವಾದ ತೋಳ ಬಂದ ದಿನ ಅಂಚೆ ತೆರೆಯದೆ ಉಳಿಯುತ್ತದೆ. ನಿಯಮಗಳನ್ನು ಆಗಾಗ ತಿದ್ದಿ ಹದಗೊಳಿಸಬೇಕಾಗುವುದು ಇದಕ್ಕಾಗಿಯೇ.

ಎರಡನೆಯದು, ಲಾಗ್‌ನಲ್ಲಿ ಬರೆಯದ್ದು ಯಾವ ತಂತ್ರಾಂಶಕ್ಕೂ ಕಾಣದು. ಸರಿಯಾದ ಪಾಸ್‌ವರ್ಡ್ ಕದ್ದು ಹಗಲು ಹೊತ್ತಿನಲ್ಲಿ ಬಂದವನು ಲಾಗ್‌ನಲ್ಲಿ ಮನೆಯವನಂತೆಯೇ ಕಾಣುತ್ತಾನೆ.

ಮೂರನೆಯದು ಖಾಸಗಿತನ. ಯಾರು ಯಾವ ಹೊತ್ತಿಗೆ ಎಲ್ಲಿಂದ ಬಂದರು ಎಂಬ ವಿವರ ಜನರ ಚಲನವಲನದ ದಾಖಲೆಯೂ ಹೌದು. ಬಳಕೆದಾರರ ಹೆಸರಿನ ಜಾಗದಲ್ಲಿ ಅವಸರಕ್ಕೆ ಪಾಸ್‌ವರ್ಡ್ ಒತ್ತಿದರೆ ಅದೂ ಲಾಗ್‌ನಲ್ಲಿ ಹಾಗೆಯೇ ಬೀಳಬಹುದು. ಆದ್ದರಿಂದ ಲಾಗ್ ಕಡತ ಓದುವ ಅಧಿಕಾರ ಎಲ್ಲರಿಗೂ ಇರಬಾರದು.

ಗಡಿನಾಡಿನಲ್ಲಿ ಲಿನಕ್ಸ್

ಇದು ದೂರದ ನಗರಗಳ ವಿಷಯ ಎಂದು ಭಾವಿಸಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ ಮುಕ್ತ ತಂತ್ರಾಂಶ ಬಳಕೆಯಲ್ಲಿದೆ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಅದು ಶಾಲೆಗಳಿಗೆ ಕೊಡುವ ಕೈಟ್ ಗ್ನೂ ಲಿನಕ್ಸ್ ಉಬುಂಟುವನ್ನು ಆಧರಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡದ ಐಸಿಟಿ ಪಠ್ಯಪುಸ್ತಕ ಹಿಡಿದು ಇದರಲ್ಲೇ ಕಲಿಯುತ್ತಾರೆ. ಕೇಂದ್ರ ಸರಕಾರದ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಡೆಬಿಯನ್ ಕುಲಕ್ಕೆ ಸೇರಿದ್ದು. ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸ್ ಕರ್ನಲ್ಲೇ. ಮನೆಮನೆಯ ಅಂತರ್ಜಾಲ ಪೆಟ್ಟಿಗೆಗಳಲ್ಲೂ ಹಲವು ಲಿನಕ್ಸ್‌ನಿಂದಲೇ ನಡೆಯುತ್ತವೆ. ಶಾಲೆಯ ಲ್ಯಾಬಿನಲ್ಲಿ ಕುಳಿತ ವಿದ್ಯಾರ್ಥಿಗೆ ಲಾಗ್ ಓದುವ ಅಭ್ಯಾಸ ಮಾಡಲು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಆರಂಭಿಸುವವರಿಗೆ

ಒಂದೆರಡು ಲಿನಕ್ಸ್ ಗಣಕಗಳಿರುವ ಸಣ್ಣ ಕಚೇರಿ, ಶಾಲೆ ಅಥವಾ ಸಹಕಾರ ಸಂಘಕ್ಕೆ ಮೊದಲು ಲಾಗ್‌ವಾಚ್ ಸಾಕು. ಹೊರಗಿನಿಂದ ಒಳಬರುವ ಅವಕಾಶ ತೆರೆದಿದ್ದರೆ ಜೊತೆಗೆ ಫೇಲ್‌ಟುಬ್ಯಾನ್ ಬೇಕು. ಗಣಕಗಳು ಹೆಚ್ಚಾದಂತೆ ಆರ್‌ಸಿಸ್‌ಲಾಗ್ ಮೂಲಕ ಎಲ್ಲ ಲಾಗನ್ನೂ ಒಂದೆಡೆ ಸೇರಿಸಿ, ಅಲ್ಲಿ ಲಾಗ್‌ಚೆಕ್ ಅಥವಾ ಸೆಕ್ ನಡೆಸಬಹುದು. ಹಳೆಯ ಪ್ರತಿ ಎಷ್ಟು ದಿನ ಉಳಿಯುತ್ತದೆ, ಗಡಿಯಾರ ಸರಿಯಿದೆಯೇ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಬೇಕು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಬಾಗಿಲು ಹಾಕುವುದಿಲ್ಲ, ಯಾರು ಬಾಗಿಲು ತಟ್ಟುತ್ತಿದ್ದಾರೆ ಎಂದು ಹೇಳುತ್ತವೆ ಅಷ್ಟೇ. ದಿನಕ್ಕೆ 10 ನಿಮಿಷ ಆ ವರದಿ ಓದುವ ವ್ಯಕ್ತಿ ಒಬ್ಬರನ್ನು ನೇಮಿಸದಿದ್ದರೆ ಎಷ್ಟು ತಂತ್ರಾಂಶ ಹಾಕಿದರೂ ಪ್ರಯೋಜನವಿಲ್ಲ.